ಮದ್ದು ಮತ್ತು ಮಣ್ಣಿನ ಬಂಧುಗಳು



ಕನ್ನಡದಲ್ಲಿ 'ಮದ್ದು' ಎಂಬ ಪುಟ್ಟ ಶಬ್ದವೊಂದಿದೆ. ಹಳಗನ್ನಡದಲ್ಲಿ ಅದರ ರೂಪ 'ಮರ್ದು'. ರೋಗವನ್ನು ಕಳೆಯುವ ವಸ್ತುವಿಗೆ ಮದ್ದು ಎನ್ನುತ್ತೇವೆ. 'ಅವನಿಗೆ ಯಾರೋ ಮದ್ದು ಹಾಕಿದ್ದಾರೆ' ಎನ್ನುವಾಗ ಕದ್ದು ಉಣಿಸಿದ ವಿಷಕ್ಕೂ ಅದೇ ಶಬ್ದವನ್ನು ಬಳಸುತ್ತೇವೆ. ಬಂಡೆಯನ್ನು ಸಿಡಿಸುವ ಪುಡಿಯೂ ಮದ್ದೇ. ತರಗತಿಯಲ್ಲಿ ನಾನಾರ್ಥಗಳ ಪಾಠ ಹೇಳುವಾಗಲೆಲ್ಲ ನಾನು ಈ ಶಬ್ದವನ್ನು ಉದಾಹರಣೆಯಾಗಿ ಕೊಡುತ್ತಿದ್ದೆ, ವಿದ್ಯಾರ್ಥಿಗಳು ನಗುತ್ತಿದ್ದರು. ಆ ಶಬ್ದದ ಎರಡು ಅರ್ಥಗಳು ಒಂದೇ ಬಕೆಟ್ಟಿನಲ್ಲಿ ಸೇರಿದರೆ ಏನಾಗುತ್ತದೆ ಎಂಬುದು ಮಾತ್ರ ನನಗೆ ತಿಳಿದದ್ದು ನಿವೃತ್ತನಾದ ಮೇಲೆ, ನನ್ನ ತಮ್ಮನ ಹೊಲದಲ್ಲಿ.

ನಾನು ಕೃಷಿ ವಿಜ್ಞಾನಿಯಲ್ಲ. 30 ವರ್ಷಕ್ಕೂ ಮೇಲ್ಪಟ್ಟು ಕಾಲೇಜಿನಲ್ಲಿ ಕನ್ನಡ ಕಲಿಸಿದವನು. ಆದರೆ ಹುಟ್ಟಿದ್ದು ಪಾವಗಡದ ಕಡೆಯ ಒಂದು ಒಕ್ಕಲುಮನೆಯಲ್ಲಿ. ಓದಿದವನು ನಾನು, ಉತ್ತವನು ನನ್ನ ತಮ್ಮ. ಆದುದರಿಂದ ಈ ದಿನ ನಾನು ಹೇಳಲಿರುವ ವಿಷಯ ಪಂಡಿತನ ವ್ಯಾಖ್ಯಾನವಲ್ಲ. ತಪ್ಪು ಮಾಡಿ, ಆ ತಪ್ಪಿನ ಕಾರಣವನ್ನು ಹುಡುಕಿಕೊಂಡು ಹೊರಟವನೊಬ್ಬನು ತಿಳಿದವರಿಂದ ಕೇಳಿ, ಓದಿ, ಕಲಿತುಕೊಂಡ ಪಾಠ.

2018ರಲ್ಲಿ ನಿವೃತ್ತನಾದ ಮೇಲೆ ಊರಿಗೆ ಹೋಗಿಬರುವುದು ಹೆಚ್ಚಾಯಿತು. 2019ರ ಮುಂಗಾರಿನಲ್ಲಿ ತಮ್ಮನು 2 ಎಕರೆ ಜಮೀನಿಗೆ ಕಡಲೆಕಾಯಿ ಹಾಕಲು ಸಿದ್ಧನಾದ. ಆ ಜಮೀನು ಹಿಂದೆ ಹಿಪ್ಪುನೇರಳೆ ತೋಟವಾಗಿತ್ತು; ಬಾವಿ ಬತ್ತಿದ ಮೇಲೆ ಹಲವು ವರ್ಷ ಬೀಳು ಬಿದ್ದಿತ್ತು. ಸುತ್ತಿನ ಹೊಲಗಳಲ್ಲಿ ಗೊಣ್ಣೆಹುಳುವಿನ ಕಾಟ. ಮಣ್ಣೊಳಗಿದ್ದು ಬೇರನ್ನು ಕಡಿದು ತಿನ್ನುವ ಆ ಬಿಳಿಯ ಹುಳುವಿಗೆಂದು ಅವನು ಕ್ಲೋರ್‌ಪೈರಿಫಾಸ್ ಎಂಬ ಕೀಟನಾಶಕದ ಸೀಸೆ ತಂದಿದ್ದ. ಅದರ ಜೊತೆಗೆ, ಯಾರೋ ಹೇಳಿದರೆಂದು, ರೈಜೋಬಿಯಂ ಎಂಬ ಅಣುಜೀವಿ ಗೊಬ್ಬರದ ಪೊಟ್ಟಣಗಳನ್ನೂ ತಂದಿದ್ದ. ಪುನರ್ವಸು ಮಳೆ ಬಿದ್ದು ಹದ ಸಿಕ್ಕಿತ್ತು. ಕೂರಿಗೆ ಕಟ್ಟಿಯಾಗಿತ್ತು. ಆಳುಗಳು ಬಂದು ನಿಂತಿದ್ದರು. 'ಅಣ್ಣಾ, ಇದರಲ್ಲಿ ಏನು ಬರೆದಿದೆ, ಒಂದಿಷ್ಟು ಓದಿ ಹೇಳು' ಎಂದು ತಮ್ಮ ಸೀಸೆಯನ್ನೂ ಪೊಟ್ಟಣವನ್ನೂ ನನ್ನ ಕೈಗಿಟ್ಟ.

ಕನ್ನಡಕ ಏರಿಸಿ ಓದಿದೆ. ಸೀಸೆಯ ಮೇಲೆ ಬೀಜಕ್ಕೆ ಲೇಪಿಸಬೇಕೆಂದು ಇತ್ತು. ಪೊಟ್ಟಣದ ಮೇಲೆ ಬೆಲ್ಲದ ನೀರಿನಲ್ಲಿ ಕಲಸಿ ಬೀಜಕ್ಕೆ ಲೇಪಿಸಬೇಕೆಂದು ಇತ್ತು. 'ಎರಡೂ ಬೀಜಕ್ಕೇ ತಾನೆ? ಒಟ್ಟಿಗೇ ಕಲಸಿಬಿಡು, ಒಂದು ಕೆಲಸ ಉಳಿಯುತ್ತದೆ' ಎಂದೆ. ಪೊಟ್ಟಣದ ಕೆಳತುದಿಯಲ್ಲಿ ಇನ್ನೂ ಒಂದು ಸಾಲು ಇತ್ತು: ರಾಸಾಯನಿಕಗಳೊಡನೆ ಬೆರೆಸಬಾರದು ಎಂದು. ಅಕ್ಷರ ಸಣ್ಣದಿತ್ತು, ಆಳುಗಳು ಕಾಯುತ್ತಿದ್ದರು, ನಾನು ಅಲ್ಲಿಯವರೆಗೆ ಓದಲಿಲ್ಲ. ಪಾಠಾಂತರಗಳಿಗಾಗಿ ಓಲೆಗರಿಯ ಅಂಚನ್ನೂ ಬಿಡದೆ ನೋಡಬೇಕೆಂದು ಶಿಷ್ಯರಿಗೆ ಬೋಧಿಸಿದವನು ನಾನೇ.

ಕೊನೆಯ ಒಂದಿಷ್ಟು ಬೀಜಕ್ಕೆ ಬರುವ ಹೊತ್ತಿಗೆ ಸೀಸೆ ಖಾಲಿಯಾಯಿತು. ತಮ್ಮನ ಹೆಂಡತಿ ಆ ಬೀಜಕ್ಕೆ ಪೊಟ್ಟಣದ ಪುಡಿಯನ್ನಷ್ಟೇ ಬೆಲ್ಲದ ನೀರಿನಲ್ಲಿ ಕಲಸಿ ಹಚ್ಚಿ, ಬಾವಿಯ ಕಡೆಯ ಮೂಲೆಯಲ್ಲಿ ಬಿತ್ತಿಸಿದಳು.

ಪೈರು ಸಮನಾಗಿ ಹುಟ್ಟಿತು. ಆದರೆ 40 ದಿನ ಕಳೆಯುವಷ್ಟರಲ್ಲಿ ಹೊಲವೆಲ್ಲ ಹಳದಿಗೆ ತಿರುಗಿತು. ಬಾವಿಯ ಮೂಲೆ ಮಾತ್ರ ಹಸಿರಾಗಿತ್ತು. ಕೃಷಿ ಓದಿದ ನನ್ನ ಹಳೆಯ ಶಿಷ್ಯನೊಬ್ಬನನ್ನು ಕರೆದುಕೊಂಡು ಹೋದೆ. ಅವನು ಸಲಿಕೆಯಿಂದ ಮಣ್ಣುಸಹಿತ ಗಿಡವನ್ನು ಎತ್ತಿ, ನೀರಿನಲ್ಲಿ ಬೇರನ್ನು ಅಲುಗಿಸಿ ತೊಳೆದು ತೋರಿಸಿದ. ಬೇರು ಬೋಳಾಗಿತ್ತು. ಹುಳುವೂ ಇಲ್ಲ, ಗಂಟೂ ಇಲ್ಲ. ಬಾವಿಯ ಮೂಲೆಯಲ್ಲಿ ಕಿತ್ತ ಗಿಡದ ಬೇರಿನಲ್ಲಿ ಸಾಸಿವೆಕಾಳಿನಷ್ಟು, ಅದಕ್ಕಿಂತ ದಪ್ಪನೆಯವೂ ಆದ ಗಂಟುಗಳು ಅಂಟಿಕೊಂಡಿದ್ದವು. ಉಗುರಿನಿಂದ ಸೀಳಿದರೆ ಒಳಗೆ ಕೆಂಪು. ಆದರೆ ಅದೇ ಮೂಲೆಯಲ್ಲಿ ಅಲ್ಲೊಂದು ಇಲ್ಲೊಂದು ಗಿಡ ಬಾಡಿ ಬಿದ್ದಿತ್ತು. ಅದರ ಬುಡ ಕೆದಕಿದರೆ ಗೊಣ್ಣೆಹುಳು ಸುರುಳಿಯಾಗಿ ಮಲಗಿತ್ತು. 'ಸಾರ್, ನಿಮ್ಮ ಹೊಲದಲ್ಲಿ ಶತ್ರುವೂ ಸತ್ತಿದೆ, ನೆಂಟನೂ ಸತ್ತಿದ್ದಾನೆ' ಎಂದ ಶಿಷ್ಯ.

ಆ ವರ್ಷ ಹಾಕಿದ ಖರ್ಚು ಹುಟ್ಟಲಿಲ್ಲ. ಮಳೆಯನ್ನೇ ನಂಬಿದ ಸೀಮೆಯಲ್ಲಿ ವರ್ಷಕ್ಕೆ ಒಂದೇ ಬೆಳೆ. ಅದು ಹೋದರೆ ವರ್ಷವೇ ಹೋದಂತೆ. ತಮ್ಮ ಜಗಳವಾಡಿದ್ದರೆ ನನಗೆ ಹಗುರವಾಗುತ್ತಿತ್ತು. 'ಬಿಡಣ್ಣ, ನೀನು ಓದಿ ಹೇಳಿದ ಮೇಲೆ ಸರಿಯಾಗಿಯೇ ಇರುತ್ತೆ ಅಂದುಕೊಂಡೆ' ಎಂದನಷ್ಟೆ. ಈ ಮಾತು ನನ್ನನ್ನು ಪುಸ್ತಕಗಳ ಕಡೆಗೆ ಅಟ್ಟಿತು.

ಮೊದಲು ಈ ನೆಂಟನು ಯಾರೆಂಬುದನ್ನು ನೋಡೋಣ. ನಮ್ಮ ಸುತ್ತಲಿನ ಗಾಳಿಯಲ್ಲಿ ನೂರಕ್ಕೆ 78 ಪಾಲು ಸಾರಜನಕವಿದೆ. ಗಿಡಕ್ಕೆ ಅದು ಅತ್ಯಗತ್ಯ. ಆದರೆ ಗಾಳಿಯಲ್ಲಿರುವ ರೂಪದಲ್ಲಿ ಗಿಡ ಅದನ್ನು ಬಳಸಲಾರದು. ಹೊಳೆಯ ನಡುವೆ ನಿಂತು ಬಾಯಾರಿದವನ ಪಾಡು ಅದರದು. ಯೂರಿಯಾ ಕಾರ್ಖಾನೆಯಲ್ಲಿ ಈ ಸಾರಜನಕವನ್ನು ಜಲಜನಕದೊಡನೆ ಕೂಡಿಸಲು 400 ಡಿಗ್ರಿಗೂ ಮಿಕ್ಕ ಶಾಖ ಬೇಕು, ವಾಯುಮಂಡಲದ ನೂರಾರು ಪಟ್ಟು ಒತ್ತಡ ಬೇಕು. ಅದೇ ಕೆಲಸವನ್ನು ಕಣ್ಣಿಗೆ ಕಾಣದ ಒಂದು ಬ್ಯಾಕ್ಟೀರಿಯ ದ್ವಿದಳ ಧಾನ್ಯದ ಬೇರಿನ ಗಂಟಿನಲ್ಲಿ ಕುಳಿತು ಸದ್ದಿಲ್ಲದೆ ಮಾಡುತ್ತದೆ. ಗಿಡ ಅದಕ್ಕೆ ಸಕ್ಕರೆಯನ್ನು ಕೊಡುತ್ತದೆ. ಅದು ಗಿಡಕ್ಕೆ ಸಾರಜನಕವನ್ನು ಕೊಡುತ್ತದೆ. ಜರ್ಮನಿಯ ಹೆಲ್‌ರೀಗೆಲ್ ಮತ್ತು ವಿಲ್‌ಫಾರ್ಥ್ ಎಂಬ ವಿಜ್ಞಾನಿಗಳು ಬೇರುಗಂಟಿಗೂ ಗಾಳಿಯ ಸಾರಜನಕಕ್ಕೂ ಇರುವ ಈ ಸಂಬಂಧವನ್ನು 1886ರಲ್ಲಿ ಸಾರಿದರು. ಹಾಲೆಂಡಿನ ಬೈಯರಿಂಕ್ 1888ರಲ್ಲಿ ಗಂಟಿನೊಳಗಿನ ಬ್ಯಾಕ್ಟೀರಿಯವನ್ನು ಬೇರ್ಪಡಿಸಿ ಬೆಳೆಸಿದರು. ಹತ್ತು ವರ್ಷ ಕಳೆಯುವುದರೊಳಗೆ ಜರ್ಮನಿಯಲ್ಲಿ ಅದು ಸೀಸೆಯಲ್ಲಿ ತುಂಬಿ ಮಾರುವ ಸರಕೂ ಆಯಿತು.

ನಮ್ಮ ಹಿರಿಯರಿಗೆ ಇದರ ಶಾಸ್ತ್ರ ಗೊತ್ತಿರಲಿಲ್ಲ, ಫಲ ಗೊತ್ತಿತ್ತು. ರಾಗಿಯ ನಡುವೆ ಅವರೆ, ತೊಗರಿ, ಅಲಸಂದೆಗಳ ಅಕ್ಕಡಿ ಸಾಲು ಹಿಡಿಯುತ್ತಿದ್ದುದು ಬರಿಯ ಸಾರಿನ ಆಸೆಗಲ್ಲ. ಕಾಳಿನ ಬೆಳೆ ಬಂದ ನೆಲ ಮರುವರ್ಷಕ್ಕೆ ಹದವಾಗಿರುತ್ತದೆ ಎಂಬುದನ್ನು ಅವರು ಕಂಡಿದ್ದರು.

ಕಡಲೆಕಾಯಿಯನ್ನು ಮತ್ತೆ ಮತ್ತೆ ಬೆಳೆದ ನೆಲದಲ್ಲಿ ಈ ಬ್ಯಾಕ್ಟೀರಿಯ ಸಾಮಾನ್ಯವಾಗಿ ತಾನೇ ನೆಲೆಸಿರುತ್ತದೆ. ಅಂಥ ಹೊಲದಲ್ಲಿ ಪೊಟ್ಟಣದ ಪುಡಿ ಸತ್ತರೂ ನೆಲದವರು ಕೈ ಹಿಡಿಯುತ್ತಾರೆ. ನಷ್ಟ ಕಣ್ಣಿಗೆ ಕಾಣದೆ ಹೋಗಬಹುದು. ಬಹುಕಾಲ ಹಿಪ್ಪುನೇರಳೆ ಇದ್ದ ನಮ್ಮ ಜಮೀನಿನಲ್ಲಿ ಅಂಥ ಹಳೆಯ ನೆಂಟರು ಇರಲಿಲ್ಲವೆಂದು ತೋರುತ್ತದೆ. ಪೊಟ್ಟಣದಲ್ಲಿ ಬಂದವರೇ ಗತಿ. ಅವರನ್ನು ನಾನು ಬಕೆಟ್ಟಿನಲ್ಲಿಯೇ ಮುಗಿಸಿದ್ದೆ.

ಈಗ ಒಂದು ಪ್ರಶ್ನೆ ಏಳುತ್ತದೆ, ನನಗೂ ಎದ್ದಿತ್ತು. ಕೀಟನಾಶಕವು ಕೀಟವನ್ನು ಕೊಲ್ಲುವುದು ಅದರ ನರಮಂಡಲವನ್ನು ಕೆಡಿಸಿ. ಕ್ಲೋರ್‌ಪೈರಿಫಾಸ್‌ನಂಥ ರಂಜಕಯುಕ್ತ ಕೀಟನಾಶಕಗಳು ನರದಿಂದ ನರಕ್ಕೆ ಹೋಗುವ ಸಂದೇಶವನ್ನು ನಿಲ್ಲಿಸಬೇಕಾದ ಕಿಣ್ವವನ್ನೇ ಕಟ್ಟಿಹಾಕುತ್ತವೆ. ಕೀಟ ನಡುಗಿ ನಡುಗಿ ಸಾಯುತ್ತದೆ. ಬ್ಯಾಕ್ಟೀರಿಯಕ್ಕೆ ನರವೇ ಇಲ್ಲ. ಇಲ್ಲದ ನರಕ್ಕೆ ಹೊಡೆದ ಬಾಣ ಅದನ್ನು ಹೇಗೆ ಕೊಂದಿತು?

ಇದಕ್ಕೆ ಒಂದಲ್ಲ, ನಾಲ್ಕು ಉತ್ತರಗಳುಂಟು.

ಮೊದಲನೆಯದು ಸಾಂದ್ರತೆ. ನಮ್ಮ ಸೀಸೆಯ ಮೇಲೆ '20 ಇ.ಸಿ.' ಎಂದಿತ್ತು, ಎಂದರೆ ನೂರಕ್ಕೆ 20 ಪಾಲು ವಿಷ. ಎಲೆಗೆ ಸಿಂಪಡಿಸುವಾಗ ಲೀಟರು ನೀರಿಗೆ 2 ಮಿಲಿಲೀಟರು ಹಾಕುತ್ತಾರೆಂದರೆ, ಆ ನೀರಿನಲ್ಲಿ ವಿಷ ನೂರಕ್ಕೆ 0.04 ಪಾಲು. ನಾವು ಮಾಡಿದ್ದೇನು? 20 ಕಿಲೋ ಬೀಜಕ್ಕೆಂದು 1 ಲೀಟರು ಬೆಲ್ಲದ ನೀರಿಗೆ 250 ಮಿಲಿಲೀಟರು ಸುರಿದು, ಅದರಲ್ಲಿಯೇ ಪುಡಿಯನ್ನು ಕಲಸಿದೆವು. ಅಲ್ಲಿ ವಿಷ ನೂರಕ್ಕೆ 4 ಪಾಲು. ಸಿಂಪಡಿಸುವ ನೀರಿನ 100 ಪಟ್ಟು! ಹೊಲದ ಮಣ್ಣಿನಲ್ಲಿ ಹರಡಿಹೋದಾಗ ಈ ವಿಷ ತೆಳುವಾಗುತ್ತದೆ. ಜೇಡಿಯ ಕಣಗಳಿಗೂ ಕೊಳೆತ ಗೊಬ್ಬರಕ್ಕೂ ಅಂಟಿಕೊಂಡು ಇನ್ನಷ್ಟು ಬಲಗುಂದುತ್ತದೆ. ಬಕೆಟ್ಟಿನಲ್ಲಿ ಅಂಟಿಕೊಳ್ಳಲು ಮಣ್ಣಾದರೂ ಎಲ್ಲಿದೆ? 'ಹೊಲಕ್ಕೆ ಹಾಕುವ ಪ್ರಮಾಣದಲ್ಲಿ ಅಪಾಯವಿಲ್ಲ' ಎಂಬ ಮಾತು ನಿಜವೇ ಇರಬಹುದು. ಬೀಜದ ಸಿಪ್ಪೆಯ ಮೇಲಿನ ಪ್ರಮಾಣವೇ ಬೇರೆ.

ಎರಡನೆಯದು, ಸೀಸೆಯಲ್ಲಿ ವಿಷದ ಜೊತೆಗಿರುವ ಇತರ ದ್ರವಗಳು. ನೀರಿನಲ್ಲಿ ಕರಗದ ಕೀಟನಾಶಕವನ್ನು ಮೊದಲು ಎಣ್ಣೆಯ ಜಾತಿಯ ದ್ರಾವಕದಲ್ಲಿ ಕರಗಿಸಿ, ನೀರಿನೊಡನೆ ಹಾಲಿನಂತೆ ಬೆರೆಯಲೆಂದು ಸೋಪಿನ ಸ್ವಭಾವದ ಇನ್ನೊಂದು ವಸ್ತುವನ್ನು ಸೇರಿಸಿರುತ್ತಾರೆ. ಬ್ಯಾಕ್ಟೀರಿಯದ ಹೊರಪೊರೆ ಕೊಬ್ಬಿನಿಂದಾದದ್ದು. ಜಿಡ್ಡಿನ ಪಾತ್ರೆಗೆ ಸೋಪು ಏನು ಮಾಡುತ್ತದೆಯೋ ಅದನ್ನೇ ಈ ವಸ್ತುಗಳು ಆ ಪೊರೆಗೂ ಮಾಡಬಲ್ಲವು. ಆದ್ದರಿಂದ ಕೀಟನಾಶಕದ ಹೆಸರು ಒಂದೇ ಆದರೂ ಎಣ್ಣೆಯ ರೂಪದ್ದು, ಹರಳಿನ ರೂಪದ್ದು, ಪುಡಿಯ ರೂಪದ್ದು ಬೇರೆ ಬೇರೆಯಾಗಿ ವರ್ತಿಸುವುದುಂಟು.

ಮೂರನೆಯದು, ವಿಷ ಒಡೆದ ಮೇಲೆ ಉಳಿಯುವ ಚೂರು. ಕ್ಲೋರ್‌ಪೈರಿಫಾಸ್ ಮಣ್ಣಿನಲ್ಲಿ ಒಡೆದಾಗ ಕ್ಲೋರಿನ್ ಉಳ್ಳ ಒಂದು ತುಣುಕು ಹೊರಬರುತ್ತದೆ. ಅದು ಕೀಟಕ್ಕೆ ಅಷ್ಟಾಗಿ ತಾಗುವುದಿಲ್ಲ. ಆದರೆ ಅಣುಜೀವಿಗಳ ಬೆಳವಣಿಗೆಯನ್ನು ತಡೆಯುವ ಗುಣ ಅದಕ್ಕಿದೆ. ಹಾವು ಸತ್ತರೂ ಹಲ್ಲಿನ ನಂಜು ಉಳಿದಂತೆ.

ನಾಲ್ಕನೆಯದು ಎಲ್ಲಕ್ಕಿಂತ ಸೂಕ್ಷ್ಮವಾದದ್ದು. ಭಾಷೆಯ ಮೇಷ್ಟರಾದ ನನ್ನನ್ನು ಬಹಳ ಸೆಳೆದದ್ದೂ ಇದೇ. ಬೇರಿಗೂ ಬ್ಯಾಕ್ಟೀರಿಯಕ್ಕೂ ನಡುವೆ ಒಂದು ಸಂಭಾಷಣೆ ನಡೆಯುತ್ತದೆ. ಎಳೆಯ ಬೇರು ಫ್ಲೇವನಾಯ್ಡ್ ಎಂಬ ಜಾತಿಯ ವಸ್ತುಗಳನ್ನು ಮಣ್ಣಿಗೆ ಬಿಡುತ್ತದೆ, ಇದು ಕರೆ. ಬ್ಯಾಕ್ಟೀರಿಯದೊಳಗಿನ ಒಂದು ಪ್ರೋಟೀನು ಆ ಕರೆಯನ್ನು ಗುರುತಿಸುತ್ತದೆ. ಗುರುತಿಸಿದ ಮೇಲೆ ಬ್ಯಾಕ್ಟೀರಿಯ ತನ್ನದೊಂದು ವಸ್ತುವನ್ನು ಬಿಟ್ಟು ಓಗೊಡುತ್ತದೆ. ಆ ಓಗೊಡುವಿಕೆ ತಲುಪಿದ ಮೇಲೆಯೇ ಬೇರು ಬಾಗಿಲು ತೆರೆದು ಗಂಟು ಕಟ್ಟತೊಡಗುತ್ತದೆ. ಅನೇಕ ಗಿಡಗಳಲ್ಲಿ ಬೇರಿನ ಕೂದಲು ಬಾಗಿ ಬ್ಯಾಕ್ಟೀರಿಯವನ್ನು ಅಪ್ಪಿಕೊಂಡು ಒಳಗೆ ಸೇರಿಸಿಕೊಳ್ಳುತ್ತದೆ. ಕಡಲೆಕಾಯಿಯಲ್ಲಿ ಕವಲುಬೇರು ಒಡೆದು ಬರುವ ಬಿರುಕೇ ಬಾಗಿಲು. 2007ರಲ್ಲಿ ಅಮೆರಿಕದ ಜೆನ್ನಿಫರ್ ಫಾಕ್ಸ್ ಮತ್ತು ಸಂಗಡಿಗರು ಕುದುರೆಮಸಾಲೆ ಸೊಪ್ಪಿನ ಗಿಡದ ಮೇಲೆ ನಡೆಸಿದ ಪ್ರಯೋಗಗಳನ್ನು ಪ್ರಕಟಿಸಿದರು. ಡಿ.ಡಿ.ಟಿ., ಮೀಥೈಲ್ ಪ್ಯಾರಾಥಿಯಾನ್ ಮೊದಲಾದ ವಸ್ತುಗಳು ಇದ್ದಾಗ ಬ್ಯಾಕ್ಟೀರಿಯಕ್ಕೆ ಗಿಡದ ಕರೆ ಸರಿಯಾಗಿ ತಲುಪುವುದಿಲ್ಲ, ಗಂಟುಗಳು ಕಡಿಮೆಯಾಗುತ್ತವೆ, ತಡವಾಗುತ್ತವೆ ಎಂದು ಅವರು ತೋರಿಸಿದರು. ಬ್ಯಾಕ್ಟೀರಿಯ ಬದುಕಿಯೇ ಇರಬಹುದು. ಆದರೆ ಕಿವಿ ಕೇಳಿಸದು. ಬಾಗಿಲ ಬಳಿ ನಿಂತ ನೆಂಟನಿಗೆ ಒಳಗಿನಿಂದ 'ಬಾ' ಎಂದದ್ದು ಕೇಳಿಸದಿದ್ದರೆ ಅವನು ಬಂದೂ ಬಾರದವನೇ.

ಇದರಿಂದ ಒಂದು ವಿವೇಕ ದೊರೆಯುತ್ತದೆ. ಒಂದು ಕೀಟನಾಶಕ ಒಂದು ಬ್ಯಾಕ್ಟೀರಿಯಕ್ಕೆ ಹೊಂದುತ್ತದೆಯೇ ಎಂದು ಕೇಳುವಾಗ ಮೂರು ಪ್ರಶ್ನೆಗಳನ್ನು ಕೇಳಬೇಕು: ಅದು ಬದುಕಿರುತ್ತದೆಯೇ? ಬೇರಿನೊಡನೆ ಮಾತನಾಡುತ್ತದೆಯೇ? ಗಂಟಿನೊಳಗೆ ಕುಳಿತು ದುಡಿಯುತ್ತದೆಯೇ? ಪ್ರಯೋಗಶಾಲೆಯ ಸುಲಭ ಪರೀಕ್ಷೆ ಮೊದಲನೆಯದಕ್ಕೆ ಮಾತ್ರ ಉತ್ತರ ಕೊಡುತ್ತದೆ. ಗಾಜಿನ ತಟ್ಟೆಯಲ್ಲಿ ಬ್ಯಾಕ್ಟೀರಿಯವನ್ನು ಹರಡಿ, ಕೀಟನಾಶಕದಲ್ಲಿ ಅದ್ದಿದ ಕಾಗದದ ಬಿಲ್ಲೆಯನ್ನು ನಡುವೆ ಇಟ್ಟು, ಸುತ್ತ ಎಷ್ಟು ಅಗಲದ ಬರಿದಾದ ವೃತ್ತ ಬಿಡುತ್ತದೆಂದು ಅಳೆಯುತ್ತಾರೆ. ವೃತ್ತ ದೊಡ್ಡದಾದಷ್ಟೂ ವೈರ ದೊಡ್ಡದು. ಪರೀಕ್ಷೆ ಒಳ್ಳೆಯದೇ, ಆದರೆ ತಟ್ಟೆ ಹೊಲವಲ್ಲ. ತಟ್ಟೆಯಲ್ಲಿ ಸತ್ತದ್ದು ಮಣ್ಣಿನ ಆಸರೆಯಲ್ಲಿ ಬದುಕಬಹುದು. ತಟ್ಟೆಯಲ್ಲಿ ಬದುಕಿದ್ದು ಹೊಲದಲ್ಲಿ ಗಂಟು ಕಟ್ಟದೆ ಇರಬಹುದು. ಕಡೆಯ ತೀರ್ಪು ಬೇರಿನದೇ.

ಎಲ್ಲ ಅಣುಜೀವಿಗಳೂ ಒಂದೇ ಗಟ್ಟಿಯಲ್ಲ ಎಂಬುದನ್ನೂ ನೆನಪಿಡಬೇಕು. ಮಣ್ಣಿನ ರಂಜಕವನ್ನು ಕರಗಿಸಿಕೊಡಲು ಬಳಸುವ ಬ್ಯಾಸಿಲಸ್ ಜಾತಿಯವು ಕಷ್ಟಕಾಲ ಬಂದಾಗ ದಪ್ಪ ಗೋಡೆಯ ಬೀಜಕಣಗಳಾಗಿ ಮುದುಡಿಕೊಂಡು ಕಾಯಬಲ್ಲವು. ಅಜೋಟೋಬ್ಯಾಕ್ಟರ್ ಕೂಡ ಒಂದು ಬಗೆಯ ಕೋಶಕವಚ ತೊಡುತ್ತದೆ. ರೈಜೋಬಿಯಮ್ಮಿಗೆ ಬೀಜಕಣವಾಗುವ ಈ ವಿದ್ಯೆ ಇಲ್ಲ. ಅದು ಬರಿಮೈಯಲ್ಲಿ ಬದುಕುವ ಜೀವ. ಬಿಸಿಲು, ಒಣಗು, ವಿಷ ಯಾವುದನ್ನೂ ಬಹಳ ಹೊತ್ತು ತಾಳದು.

ಔಷಧಿಗಳಲ್ಲಿಯೂ ತರತಮವಿದೆ. ಒಟ್ಟಿನಲ್ಲಿ ನೋಡಿದರೆ ಕೀಟನಾಶಕಗಳಿಗಿಂತ ಶಿಲೀಂಧ್ರನಾಶಕಗಳು ಬ್ಯಾಕ್ಟೀರಿಯಕ್ಕೆ ಹೆಚ್ಚು ಕಠಿಣ; ಅವನ್ನು ಮಾಡಿರುವುದೇ ಸೂಕ್ಷ್ಮಜೀವಿಗಳನ್ನು ಹೊಡೆಯಲು. ಹಿಂದೆ ಬೀಜಕ್ಕೆ ಹಚ್ಚುತ್ತಿದ್ದ ಪಾದರಸದ ಪುಡಿಗಳು ಈ ವಿಷಯದಲ್ಲಿ ಅತಿ ಕ್ರೂರವಾಗಿದ್ದವು. ಇಮಿಡಾಕ್ಲೋಪ್ರಿಡ್‌ನಂಥ ಈಚಿನ ಕೀಟನಾಶಕಗಳು ಸೂಚಿಸಿದ ಪ್ರಮಾಣದಲ್ಲಿ ಬೇರಿನ ಬ್ಯಾಕ್ಟೀರಿಯಕ್ಕೆ ಹೆಚ್ಚು ಕೇಡು ಮಾಡಲಿಲ್ಲವೆಂದು ಹಲವು ಪ್ರಯೋಗಗಳಲ್ಲಿ ಕಂಡಿದೆ. ಆದರೆ 'ಬ್ಯಾಕ್ಟೀರಿಯಕ್ಕೆ ಹೊಂದುತ್ತದೆ' ಎಂದ ಮಾತ್ರಕ್ಕೆ 'ನಿರಪಾಯಕರ' ಎಂದು ಅರ್ಥವಲ್ಲ. ಜೇನ್ನೊಣಗಳಿಗೆ ಕೇಡೆಂದು ಇದೇ ಇಮಿಡಾಕ್ಲೋಪ್ರಿಡ್ಡನ್ನು ಬಯಲಿನ ಬೆಳೆಗಳಿಗೆ ಬಳಸುವುದನ್ನು ಯೂರೋಪಿನ ಒಕ್ಕೂಟ 2018ರಲ್ಲಿ ನಿಷೇಧಿಸಿತು. ಬೇರಿನ ನೆಂಟನು ಉಳಿದರೂ ಹೂವಿನ ನೆಂಟನು ಹೋಗಬಹುದು. ನಮ್ಮ ತಂದೆಯ ಕಾಲದಲ್ಲಿ ಬಿ.ಎಚ್.ಸಿ. ಪುಡಿಯನ್ನು ಬರಿಗೈಯಲ್ಲಿ ಎರಚುತ್ತಿದ್ದರು. ಅದು ನಮ್ಮ ದೇಶದಲ್ಲಿ 1997ರಲ್ಲಿ ನಿಷೇಧವಾಯಿತು. ಎಂಡೋಸಲ್ಫಾನನ್ನು ಸುಪ್ರೀಂ ಕೋರ್ಟು 2011ರಲ್ಲಿ ತಡೆಯಿತು. ಇಂದು 'ಔಷಧಿ' ಎಂದು ಕರೆದದ್ದು ನಾಳೆ 'ವಿಷ'ವೆಂಬ ತನ್ನ ನಿಜನಾಮಕ್ಕೆ ಮರಳುವುದನ್ನು ನನ್ನ ಆಯುಸ್ಸಿನಲ್ಲಿಯೇ ಹಲವು ಸಲ ಕಂಡಿದ್ದೇನೆ.

ಕಥೆಗೆ ಇನ್ನೊಂದು ಮುಖವಿದೆ. ಅದನ್ನು ಹೇಳದಿದ್ದರೆ ಬ್ಯಾಕ್ಟೀರಿಯಗಳಿಗೆ ಅನ್ಯಾಯವಾದೀತು. ವಿಷ ಅವುಗಳನ್ನು ಕೊಲ್ಲುವುದು ಮಾತ್ರವಲ್ಲ, ಅವೂ ವಿಷವನ್ನು ತಿನ್ನಬಲ್ಲವು. ಸೇತುನಾಥನ್ ಎಂಬ ಭಾರತೀಯ ವಿಜ್ಞಾನಿ ಮತ್ತು ಯೋಶಿದಾ ಎಂಬ ಜಪಾನೀ ವಿಜ್ಞಾನಿ ಫಿಲಿಪ್ಪೀನ್ಸ್ ದೇಶದಲ್ಲಿ, ಡಯಾಜಿನಾನ್ ಹಾಕಿದ ಭತ್ತದ ಗದ್ದೆಯಿಂದ ಒಂದು ಬ್ಯಾಕ್ಟೀರಿಯವನ್ನು ಬೇರ್ಪಡಿಸಿದರು. ಅದು ಡಯಾಜಿನಾನನ್ನೂ ಪ್ಯಾರಾಥಿಯಾನನ್ನೂ ಒಡೆದು ಹಾಕುತ್ತಿತ್ತು. 1973ರಲ್ಲಿ ಪ್ರಕಟವಾದ ಈ ಶೋಧ ಮುಂದೆ ವಿಷವನ್ನು ಒಡೆಯುವ ಕಿಣ್ವಗಳ ದೊಡ್ಡ ಅಧ್ಯಯನಕ್ಕೆ ದಾರಿಯಾಯಿತು. ಕಾರ್ಬೋಫ್ಯುರಾನನ್ನು ವರ್ಷವರ್ಷವೂ ಹಾಕಿದ ಕೆಲವು ನೆಲಗಳಲ್ಲಿ ಅದನ್ನು ತಿನ್ನುವ ಬ್ಯಾಕ್ಟೀರಿಯಗಳ ಸಂತತಿ ಬಲಿತು, ಹುಳುವನ್ನು ತಲುಪುವ ಮೊದಲೇ ವಿಷ ಮಾಯವಾದದ್ದೂ ಉಂಟು. ಮಣ್ಣು ನಾವು ಕೊಟ್ಟದ್ದನ್ನು ಸುಮ್ಮನೆ ಸಹಿಸಿಕೊಂಡಿರುವ ಜಡವಸ್ತುವಲ್ಲ. ತಡವಾಗಿಯಾದರೂ ಉತ್ತರ ಕೊಡುತ್ತದೆ. ಆದರೆ ಆ ಉತ್ತರಕ್ಕೆ ಸಮಯ ಬೇಕು. ಬಕೆಟ್ಟಿನಲ್ಲಿ ವಿಷದೊಡನೆ ಕಲಸಿದ ರೈಜೋಬಿಯಮ್ಮಿಗೆ ಆ ಸಮಯವಿಲ್ಲ.

ಹಾಗಾದರೆ ಮಾಡಬೇಕಾದದ್ದೇನು? ನನ್ನ ಶಿಷ್ಯ ಹೇಳಿಕೊಟ್ಟ ಕ್ರಮ ಬಹು ಸರಳ. ನಮ್ಮ ದೇಶದ ಕೃಷಿ ತಜ್ಞರು ಬಹುಕಾಲದಿಂದ ಹೇಳುತ್ತ ಬಂದಿರುವುದೂ ಅದೇ. ಬೀಜಕ್ಕೆ ಶಿಲೀಂಧ್ರನಾಶಕ ಬೇಕೇ ಬೇಕೆಂದಿದ್ದರೆ ಅದು ಮೊದಲು. ಆಮೇಲೆ ಕೀಟನಾಶಕ. ಬೀಜ ಚೆನ್ನಾಗಿ ಆರಿದ ಮೇಲೆ, ಎಲ್ಲಕ್ಕೂ ಕೊನೆಯಲ್ಲಿ, ಬಿತ್ತುವ ಹೊತ್ತಿಗೆ ಸರಿಯಾಗಿ ಅಣುಜೀವಿ ಗೊಬ್ಬರ. ಮದುವೆಯ ಮನೆಯಲ್ಲಿ ಸುಣ್ಣ ಬಳಿದು, ಕಸ ಗುಡಿಸಿ, ಧೂಳು ಅಡಗಿದ ಮೇಲೆ ನೆಂಟರನ್ನು ಕರೆಯುತ್ತೇವಲ್ಲವೆ, ಹಾಗೆ. ತಣಿದ ಬೆಲ್ಲದ ನೀರಿನಲ್ಲಿ ಪುಡಿಯನ್ನು ಕಲಸಿ, ಕಡಲೆಕಾಯಿ ಬೀಜದ ತೆಳುವಾದ ಸಿಪ್ಪೆ ಸುಲಿಯದ ಹಾಗೆ ಮೆಲ್ಲನೆ ಹೊರಳಿಸಿ, ನೆರಳಿನಲ್ಲಿ ಆರಿಸಿ, ತಡಮಾಡದೆ ಬಿತ್ತಬೇಕು. ಔಷಧಿ ಹಚ್ಚಿದ ಬೀಜಕ್ಕೆ ಪುಡಿಯ ಪ್ರಮಾಣವನ್ನು ಇಮ್ಮಡಿ ಮಾಡುವುದು ಒಳ್ಳೆಯದು. ಕೆಲವರು ಸಾಯುತ್ತಾರೆಂದು ತಿಳಿದೇ ಹೆಚ್ಚು ಜನರನ್ನು ಕಳುಹಿಸುವ ಲೆಕ್ಕ ಅದು.

ಲೆಕ್ಕವೆಂದರೆ ಇನ್ನೊಂದು ಮಾತು. ನಮ್ಮ ದೇಶದಲ್ಲಿ ಅಣುಜೀವಿ ಗೊಬ್ಬರಗಳು 2006ರಲ್ಲಿ ರಸಗೊಬ್ಬರ ನಿಯಂತ್ರಣದ ಆಜ್ಞೆಯೊಳಗೆ ಬಂದವು. ಪುಡಿಯ ರೂಪದ ರೈಜೋಬಿಯಂ ಗೊಬ್ಬರದಲ್ಲಿ ಗ್ರಾಮಿಗೆ ಕನಿಷ್ಠ 5 ಕೋಟಿ ಜೀವಂತ ಕೋಶಗಳಿರಬೇಕೆಂದು ಗೊತ್ತುಮಾಡಲಾಯಿತು. 20 ಕಿಲೋ ಬೀಜಕ್ಕೆ 400 ಗ್ರಾಮಿನಂತೆ ಹಚ್ಚಿದರೆ ಒಟ್ಟು 2,000 ಕೋಟಿ ಜೀವಗಳಾಯಿತು. 20 ಕಿಲೋದಲ್ಲಿ ಸುಮಾರು 50,000 ಬೀಜಗಳೆಂದು ಹಿಡಿದರೆ ಬೀಜವೊಂದಕ್ಕೆ 4 ಲಕ್ಷ. ದೊಡ್ಡ ಸಂಖ್ಯೆಯೆಂದು ಹಿಗ್ಗಬೇಡಿ. ಪೊಟ್ಟಣ ಬಿಸಿಲಿನಲ್ಲಿ ಬಿದ್ದಿದ್ದರೆ, ವಾಯಿದೆ ಮೀರಿದ್ದರೆ, ಅಥವಾ ನನ್ನಂಥ ಓದಿದವನೊಬ್ಬ ಪಕ್ಕದಲ್ಲಿದ್ದರೆ, ಆ 4 ಲಕ್ಷವೂ ಒಂದು ಗಳಿಗೆಯಲ್ಲಿ ಸೊನ್ನೆಯಾಗಬಹುದು.

ಇದಕ್ಕಿಂತ ಉತ್ತಮವಾದ ಉಪಾಯವೂ ಇದೆ: ಇಬ್ಬರನ್ನೂ ಒಂದೇ ಚಾಪೆಯಲ್ಲಿ ಕೂರಿಸದಿರುವುದು. ಕೀಟನಾಶಕ ಬೀಜದ ಮೇಲಿರಲಿ. ಅಣುಜೀವಿ ಗೊಬ್ಬರವನ್ನು ಚೆನ್ನಾಗಿ ಕಳಿತ, ತೇವವುಳ್ಳ ಕೊಟ್ಟಿಗೆ ಗೊಬ್ಬರದಲ್ಲಿ ಬೆರೆಸಿ ಸಾಲಿಗೆ ಬಿಡಿ. ಬೇರು ಕೆಳಗಿಳಿಯುವ ದಾರಿಯಲ್ಲಿ ನೆಂಟನು ಕಾದಿರುತ್ತಾನೆ. ಮೇಲಿನ ವಿಷ ಅವನನ್ನು ಅಷ್ಟಾಗಿ ಮುಟ್ಟದು.

ಗೊಣ್ಣೆಹುಳುವಿಗಾದರೆ ಸೀಸೆಗಿಂತ ಮೊದಲು ಮಾಡಬಹುದಾದ ಕೆಲಸವೊಂದಿದೆ. ಮುಂಗಾರಿನ ಮೊದಲ ದೊಡ್ಡ ಮಳೆಯಾದ ಸಂಜೆ ಇದರ ದುಂಬಿಗಳು ನೆಲದಿಂದ ಎದ್ದು ಬೇವು ಮೊದಲಾದ ಮರಗಳ ಎಲೆ ತಿನ್ನಲು ಮುತ್ತುತ್ತವೆ. ಆ ಕೆಲವು ರಾತ್ರಿ ಊರಿನವರು ಕೂಡಿ ಕೊಂಬೆ ಅಲುಗಿಸಿ, ಬಿದ್ದ ದುಂಬಿಗಳನ್ನು ಆಯ್ದು ನಾಶಮಾಡಿದರೆ ಮೊಟ್ಟೆಯ ಸಂಖ್ಯೆ ಕುಗ್ಗುತ್ತದೆ. ಆದರೆ ಇದು ಒಬ್ಬನಿಂದಾಗುವ ಕೆಲಸವಲ್ಲ. ದುಂಬಿಗೆ ಬದುವಿನ ಲೆಕ್ಕವಿಲ್ಲ. ಸೀಸೆಯನ್ನು ಒಬ್ಬನೇ ಕೊಳ್ಳಬಹುದು, ಮರ ಅಲುಗಿಸಲು ಊರು ಬೇಕು.

ಕೊನೆಯದಾಗಿ, ಪ್ರತಿಯೊಬ್ಬ ರೈತನೂ ಖರ್ಚಿಲ್ಲದೆ ಮಾಡಬಹುದಾದ ಪರೀಕ್ಷೆ. ಬಿತ್ತಿದ 30ರಿಂದ 45 ದಿನಗಳ ನಡುವೆ ನಾಲ್ಕಾರು ಗಿಡಗಳನ್ನು ಎಳೆಯದೆ, ಅಗೆದು ತೆಗೆಯಿರಿ. ಎಳೆದರೆ ಗಂಟು ಮಣ್ಣಿನಲ್ಲಿಯೇ ಉಳಿಯುತ್ತದೆ. ತೊಳೆದು ಗಂಟನ್ನು ಸೀಳಿ ನೋಡಿ. ಒಳಗೆ ಕೆಂಪಾಗಿದ್ದರೆ ಕೆಲಸ ನಡೆಯುತ್ತಿದೆ. ನಮ್ಮ ರಕ್ತದ ಬಣ್ಣಕ್ಕೆ ಕಾರಣವಾದ ವಸ್ತುವಿನ ದಾಯಾದಿಯೇ ಅಲ್ಲಿಯೂ ಇದೆ. ಬಿಳಿಯಾಗಿಯೋ ಹಸಿರಾಗಿಯೋ ಇದ್ದರೆ ಗಂಟು ಇದ್ದೂ ಕೆಲಸವಿಲ್ಲ. ಒಂದು ಎಚ್ಚರಿಕೆ: ನಮ್ಮ ಕನ್ನಡದಲ್ಲಿ 'ಬೇರುಗಂಟು' ಎಂಬ ಶಬ್ದವೂ ಎರಡು ಕಡೆ ಸಲ್ಲುತ್ತದೆ. ಜಂತುಹುಳು ಹೊಕ್ಕು ಬರುವ ಬೇರುಗಂಟು ರೋಗದಲ್ಲಿ ಬೇರೇ ಊದಿಕೊಂಡಿರುತ್ತದೆ, ಉಜ್ಜಿದರೆ ಬಿಡದು. ನೆಂಟನ ಗಂಟು ಬೇರಿನ ಪಕ್ಕಕ್ಕೆ ಮಣಿಯಂತೆ ಅಂಟಿರುತ್ತದೆ, ಬೆರಳಾಡಿಸಿದರೆ ಉದುರುತ್ತದೆ. ಮೊದಲನೆಯದನ್ನು ಕಂಡು ಹಿಗ್ಗಬಾರದು, ಎರಡನೆಯದನ್ನು ಕಂಡು ಬೆದರಬಾರದು.

ಒಂದು ಹೊಲದ ಒಂದು ವರ್ಷದ ಅನುಭವವನ್ನು ಶಾಸ್ತ್ರವೆಂದು ನಾನು ಸಾರುತ್ತಿಲ್ಲ. ಆ ವರ್ಷದ ಹಳದಿಗೆ ಬೇರೆ ಕಾರಣಗಳೂ ಸೇರಿದ್ದಿರಬಹುದು. ಆದರೆ ಮರುವರ್ಷ ಅದೇ ಜಮೀನಿನಲ್ಲಿ ಕ್ರಮ ತಪ್ಪದೆ ಮಾಡಿದೆವು. ಕೀಟನಾಶಕ ಬೀಜಕ್ಕೆ, ಪುಡಿ ಕೊಟ್ಟಿಗೆ ಗೊಬ್ಬರದೊಡನೆ ಸಾಲಿಗೆ. 35ನೆಯ ದಿನ ತಮ್ಮನ ಹೆಂಡತಿ ಒಂದು ಗಿಡ ಅಗೆದು ತಂದು, ತೊಳೆದು, ನನ್ನ ಮುಂದೆ ಹಿಡಿದಳು. 'ಭಾವಾ, ಈ ಸಲ ನೀವೇ ಸೀಳಿ ನೋಡಿ' ಎಂದಳು. ಉಗುರಿಗೆ ಕೆಂಪು ಹತ್ತಿತು. ಪಕ್ಕದಲ್ಲಿ ನಿಂತಿದ್ದ ತಮ್ಮ ಏನೂ ಹೇಳಲಿಲ್ಲ. ಜೇಬಿನಿಂದ ಹೊಸ ಪೊಟ್ಟಣದ ಖಾಲಿ ಹಾಳೆಯನ್ನು ತೆಗೆದು ನನ್ನ ಕೈಗೆ ಕೊಟ್ಟ. ಕೆಳತುದಿಯ ಸಣ್ಣ ಅಕ್ಷರದ ಸಾಲಿನ ಕೆಳಗೆ ಅವನು ಪೆನ್ಸಿಲಿನಿಂದ ಗೆರೆ ಎಳೆದಿದ್ದ.

ಆ ಹಾಳೆ ಈಗಲೂ ನನ್ನ ನಿಘಂಟಿನೊಳಗೆ, 'ಮದ್ದು' ಎಂಬ ಶಬ್ದವಿರುವ ಪುಟದಲ್ಲಿ ಇದೆ.